ಸುಳಿಯ ಎರಡು ಅರ್ಥ

ನಿತ್ಯವೂ ಒಂದೇ ಕ್ರಿಯೆಯನ್ನು ಮಾಡುವವನು ಮುಂದೆ ಸಾಗುತ್ತಿರುವನೋ, ಇದ್ದಲ್ಲಿಯೇ ತಿರುಗುತ್ತಿರುವನೋ? ಶ್ರದ್ಧೆಯುಳ್ಳ ಗೃಹಸ್ಥನನ್ನು ಒಂದಿಲ್ಲೊಂದು ದಿನ ಕಾಡದೆ ಬಿಡದ ಪ್ರಶ್ನೆಯಿದು. ದೀಕ್ಷೆಯಾದಂದಿನಿಂದ 40 ವರ್ಷ ದಿನಕ್ಕೊಮ್ಮೆ ಇಷ್ಟಲಿಂಗವನ್ನು ಕರಸ್ಥಲದಲ್ಲಿ ಧರಿಸಿ ಅರ್ಚಿಸಿದವನು 14,000 ಸಲಕ್ಕಿಂತ ಹೆಚ್ಚಾಗಿ ಅದೇ ಪೂಜೆಯನ್ನು ಮಾಡಿರುತ್ತಾನೆ. ಅದೇ ವಿಭೂತಿ, ಅದೇ ಪತ್ರೆ, ಅದೇ ಷಡಕ್ಷರಿ. ಆದರೂ ನಿನ್ನೆ ಬಂದ ಕೋಪ ಇಂದೂ ಬರುತ್ತದೆ. ಹೋದ ವರ್ಷದ ಆಸೆ ಈ ವರ್ಷವೂ ಕೈಹಿಡಿದು ಎಳೆಯುತ್ತದೆ. ಹಾಗಾದರೆ ಇಷ್ಟು ಕಾಲದ ಅರ್ಚನೆ ಗಾಣದೆತ್ತಿನ ನಡಿಗೆಯಾಯಿತೆ? ಆ ಎತ್ತು ಬೆಳಗಿನಿಂದ ಬೈಗಿನವರೆಗೆ ಹರದಾರಿಗಟ್ಟಲೆ ನಡೆದರೂ ಕಡೆಗೆ ನಿಲ್ಲುವುದು ಹೊರಟ ಎಡೆಯಲ್ಲಿಯೇ. ಈ ಸಂಶಯ ಬಲಿತಾಗ ಕೆಲವರು ಪೂಜೆಯನ್ನು ಬಿಡುತ್ತಾರೆ; ಕೆಲವರು ಬಿಡದೆ, ಆದರೆ ನೆಚ್ಚದೆ, ನಡೆಸುತ್ತಾರೆ. ಎರಡನೆಯದು ಮೊದಲನೆಯದಕ್ಕಿಂತ ಮೇಲೇನೂ ಅಲ್ಲ.

ಕನ್ನಡದ ಒಂದು ಚಿಕ್ಕ ಮಾತು ಈ ಸಂಶಯಕ್ಕೆ ಬೆಳಕು ಕೊಡುತ್ತದೆ. ಹೊಳೆಯಲ್ಲಿ ಈಜುವವನನ್ನು ಸುತ್ತಿಸುತ್ತ ಒಳಕ್ಕೆ ಸೆಳೆಯುವುದು ಸುಳಿ. ಬಾಳೆಯ ನಡುವಿನಿಂದ ಸುತ್ತಿಕೊಂಡೇ ಮೇಲೇಳುವ ಎಳೆಯ ಎಲೆಯೂ ಸುಳಿಯೇ. ಒಂದು ಮುಳುಗಿಸುತ್ತದೆ, ಇನ್ನೊಂದು ಬೆಳೆಯುತ್ತದೆ. ಎರಡರ ಆಕಾರವೂ ಸುರುಳಿ. ವೃತ್ತವಾದರೋ ಹೊರಟಲ್ಲಿಗೇ ಬಂದು ಮುಚ್ಚಿಕೊಳ್ಳುತ್ತದೆ. ಸುರುಳಿಯು ಅದೇ ದಿಕ್ಕಿಗೆ ಮರಳುತ್ತದೆ, ಅದೇ ಸ್ಥಾನಕ್ಕೆ ಮರಳುವುದಿಲ್ಲ.

ಈ ಆಕಾರಕ್ಕೆ ಬಹು ಜನಾಂಗಗಳು ಬಹು ಹಿಂದೆಯೇ ಮನಸೋತಿವೆ. ಐರ್ಲೆಂಡಿನ ನ್ಯೂಗ್ರೇಂಜ್ ಎಂಬಲ್ಲಿ ಸುಮಾರು 5,200 ವರ್ಷಗಳ ಹಿಂದೆ ಕಟ್ಟಿದ ಸಮಾಧಿಯ ಒಳಗಲ್ಲಿನಲ್ಲಿ ಮೂರು ಸುರುಳಿಗಳು ಒಂದಕ್ಕೊಂದು ಕೂಡಿಕೊಂಡಿವೆ. ವರ್ಷದ ಅತಿ ಚಿಕ್ಕ ಹಗಲುಗಳಲ್ಲಿ ಉದಯಸೂರ್ಯನ ಕಿರಣ ಆ ಕೋಣೆಯನ್ನು ಹೊಗುತ್ತದೆ. ನ್ಯೂಜಿಲೆಂಡಿನ ಮಾವೋರಿ ಜನರು ಬಿಚ್ಚಿಕೊಳ್ಳುತ್ತಿರುವ ಜರೀಗಿಡದ ಸುಳಿಯನ್ನು ಹೊಸ ಬಾಳಿನ ಗುರುತಾಗಿ ಮರದಲ್ಲಿ ಕೊರೆದರು. ಇರಾಕಿನ ಸಮಾರ್ರಾದಲ್ಲಿ ಒಂಬತ್ತನೆಯ ಶತಮಾನದಲ್ಲಿ ಕಟ್ಟಿದ, ಸುಮಾರು 52 ಮೀಟರ್ ಎತ್ತರದ ಮಿನಾರನ್ನು ಏರುವವನು ಅದರ ಹೊರಮೈಯನ್ನೇ ಸುತ್ತಿ ಸುತ್ತಿ ಏರಬೇಕು. ಭರತಖಂಡದ ಯೋಗಶಾಸ್ತ್ರವು ಕುಂಡಲಿನೀ ಶಕ್ತಿಯನ್ನು ಮೂರೂವರೆ ಸುತ್ತು ಸುತ್ತಿ ಮಲಗಿದ ಸರ್ಪವೆಂದು ವರ್ಣಿಸಿತು.

ಅಷ್ಟು ದೂರ ಹೋಗಬೇಕಾಗಿಯೂ ಇಲ್ಲ. ರಾಜಾಜಿನಗರ, ವಿಜಯನಗರ, ಕೆಂಗೇರಿಗಳ ಕೈತೋಟಗಳಲ್ಲಿ ಮಳೆ ಬಿದ್ದ ಮರುದಿನ ಬಸವನಹುಳು ಹೊರಡುತ್ತದೆ. ತಲೆಯ ಮೇಲಿನ ಕೋಡುಗಳಿಂದ ಬಸವನ ಹೆಸರು ಪಡೆದ ಈ ಅಲ್ಪಪ್ರಾಣಿ ಗಾಣದ ಬಸವನಿಗೆ ತಿಳಿಯದ ಒಂದು ವಿದ್ಯೆಯನ್ನು ಬಲ್ಲದು. ಅದು ಹಳೆಯ ಚಿಪ್ಪನ್ನು ಕಳಚಿ ಹೊಸದನ್ನು ಕಟ್ಟುವುದಿಲ್ಲ. ಚಿಪ್ಪಿನ ಬಾಯಂಚಿಗೆ ದಿನದಿನವೂ ಕೂದಲೆಳೆಯಷ್ಟನ್ನು ಕೂಡಿಸುತ್ತ ಹೋಗುತ್ತದೆ. ಹುಟ್ಟಿದಂದಿನ ಚಿಪ್ಪು ನಡುವಿನಲ್ಲಿ ಹಾಗೆಯೇ ಉಳಿದಿರುತ್ತದೆ. ಆಕಾರ ಬದಲಾಗದೆ ಒಳಗಿನ ಅವಕಾಶ ಹಿರಿದಾಗುತ್ತದೆ. ಈ ಭೂಮಿಯಾದರೂ ವರ್ಷಕ್ಕೊಮ್ಮೆ ಸೂರ್ಯನನ್ನು ಸುತ್ತಿ ಬರುತ್ತದೆ. ಆದರೆ ಸೂರ್ಯನೇ ಸೆಕೆಂಡಿಗೆ 200 ಕಿಲೋಮೀಟರಿಗೂ ಹೆಚ್ಚು ವೇಗದಿಂದ ಆಕಾಶಗಂಗೆಯ ನಡುವನ್ನು ಸುತ್ತುತ್ತಿರುವುದರಿಂದ, ಹೋದ ಯುಗಾದಿಯಂದು ಭೂಮಿ ಇದ್ದ ಎಡೆಗೆ ಈ ಯುಗಾದಿಯಂದು ಅದು ಬರಲಾರದು.

ಹಾಗಾದರೆ ಸುತ್ತುವುದೆಲ್ಲವೂ ಏರುವುದೇ ಎಂದು ಯಾರಾದರೂ ಕೇಳಬಹುದು. ಅಲ್ಲ. ಇದಕ್ಕೆ ಚಪ್ಪರದವರೆಯಂಥ ಬಳ್ಳಿಯೇ ಸಾಕ್ಷಿ. ಹಬ್ಬುವ ಬಳ್ಳಿಗಳನ್ನು ಕುರಿತು ಚಾರ್ಲ್ಸ್ ಡಾರ್ವಿನ್ 1865ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ ಒಂದು ಸೂಕ್ಷ್ಮ ಸಂಗತಿಯಿದೆ. ಎಳೆಯ ಕುಡಿಯು ಆಸರೆ ಸಿಕ್ಕುವ ಮುನ್ನವೇ ಬಯಲಿನಲ್ಲಿ ಸುತ್ತುತ್ತಿರುತ್ತದೆ. ಹಾಪ್ ಎಂಬ ಬಳ್ಳಿಯ ಕುಡಿ ಬೆಚ್ಚನೆಯ ದಿನಗಳಲ್ಲಿ ಒಂದು ಸುತ್ತಿಗೆ ತೆಗೆದುಕೊಳ್ಳುವುದು ಸುಮಾರು ಎರಡು ಗಂಟೆ. ಕೋಲು ಸಿಕ್ಕದಿದ್ದರೆ ಆ ಸುತ್ತು ಬರಿಯ ಸುತ್ತು. ಕಡೆಗೆ ಕುಡಿ ತನ್ನ ಭಾರಕ್ಕೆ ತಾನೇ ಬಾಗಿ ನೆಲಕ್ಕೆ ಬೀಳುತ್ತದೆ. ಕೋಲು ಸಿಕ್ಕಿತೋ, ಅದೇ ಸುತ್ತು ಆರೋಹಣವಾಗುತ್ತದೆ. ಬಳ್ಳಿಯು ಹೊಸದಾಗಿ ಕಲಿತದ್ದೇನೂ ಇಲ್ಲ. ಆಧಾರವೊಂದು ದೊರೆಯಿತು, ಅಷ್ಟೆ. ಮನುಷ್ಯನ ಮನಸ್ಸೂ ಸುತ್ತದೆ ಇರಲಾರದು. ಸುತ್ತಬೇಡವೆಂದು ಅದನ್ನು ತಡೆಯುವುದು ಶರಣರ ಮಾರ್ಗವಲ್ಲ. ಸುತ್ತುವುದಕ್ಕೆ ಲಿಂಗವೆಂಬ ಆಧಾರವನ್ನು ಅಂಗೈಯಲ್ಲಿಯೇ ಇಟ್ಟುದು ಅವರ ಕರುಣೆ.

ಷಟ್‌ಸ್ಥಲವನ್ನು ಆರು ಮೆಟ್ಟಿಲ ಏಣಿಯೆಂದು ತಿಳಿಯುವವರು ಬಹಳ. ಏಣಿಯಾದರೆ ಒಂದು ಮೆಟ್ಟಿಲನ್ನು ಬಿಟ್ಟೇ ಇನ್ನೊಂದನ್ನು ಏರಬೇಕು. ಆದರೆ ಭಕ್ತ, ಮಾಹೇಶ್ವರ, ಪ್ರಸಾದಿ, ಪ್ರಾಣಲಿಂಗಿ, ಶರಣ, ಐಕ್ಯ ಎಂಬ ಆರು ಸ್ಥಲಗಳಲ್ಲಿ ಒಂದೊಂದರೊಳಗೂ ಮತ್ತೆ ಆರೂ ಅಡಗಿ 36 ಆಗುತ್ತವೆಂದು ಮಿಶ್ರಷಟ್‌ಸ್ಥಲದ ವಿವರಣೆ ಹೇಳುತ್ತದೆ. ಭಕ್ತಿಯು ಮೊದಲ ಸ್ಥಲದಲ್ಲಿ ಮುಗಿದುಹೋಗುವುದಿಲ್ಲ. ಅದೇ ಶ್ರದ್ಧೆಯಾಗಿ, ನಿಷ್ಠೆಯಾಗಿ, ಅವಧಾನವಾಗಿ, ಅನುಭಾವವಾಗಿ, ಆನಂದವಾಗಿ, ಸಮರಸವಾಗಿ ಸ್ಥಲಸ್ಥಲದಲ್ಲಿಯೂ ಮರಳಿ ಬರುತ್ತದೆ. ಮೇದಾರ ಕೇತಯ್ಯನ ಕಾಯಕವನ್ನು ನೆನೆದರೆ ಇದು ಸುಲಭವಾಗಿ ತಿಳಿಯುತ್ತದೆ. ಬಿದಿರಿನ ಸೀಳು ನಿಂತ ಕಡ್ಡಿಗಳನ್ನು ಬಳಸಿ ಬಂದು, ತನ್ನ ಹಿಂದಿನ ಸುತ್ತಿನ ಮೇಲೆಯೇ ಕುಳಿತುಕೊಳ್ಳುತ್ತದೆ. ಕೆಳಗಿನ ಸುತ್ತು ಸಡಿಲವಾದರೆ ಮೇಲಿನದು ನಿಲ್ಲದು. ಮೇಲಿನ ಸುತ್ತು ಬಾರದಿದ್ದರೆ ಬುಟ್ಟಿಯೇ ಆಗದು.

ತನ್ನ ಸುತ್ತು ಏರುತ್ತಿರುವುದೋ ಇಳಿಯುತ್ತಿರುವುದೋ ಎಂಬುದನ್ನು ಸಾಧಕನು ಅರಿಯುವುದು ಪೂಜೆಯ ಮಣೆಯ ಮೇಲಲ್ಲ, ಮಣೆಯಿಂದ ಎದ್ದ ಮೇಲೆ. ಅದೇ ಕೋಪ ಮರಳಿ ಬಂದಿತು, ನಿಜ. ಆದರೆ ಮೊದಲು ಮೂರು ದಿನ ನಿಂತದ್ದು ಈಗ ಒಂದು ಗಳಿಗೆಗೆ ಇಳಿಯಿತೆ? ಅದೇ ನೆರೆಯವನು ಬಾಗಿಲಿಗೆ ಬಂದನು. ಅವನಿಗೆ ದೊರೆತ ಮಾತು ಹೋದ ಸಲಕ್ಕಿಂತ ಮೃದುವಾಗಿದ್ದಿತೆ? ಕಾಯಕದಲ್ಲಿ ಕಪಟ ಒಂದೆಳೆ ಕಡಮೆಯಾಯಿತೆ, ದಾಸೋಹದಲ್ಲಿ ಲೆಕ್ಕಾಚಾರ ಒಂದೆಳೆ ಸಡಿಲವಾಯಿತೆ? ಆಗಿದ್ದರೆ ಅದು ಬಾಳೆಯ ಸುಳಿ. ಪೂಜೆ ಹೆಚ್ಚಿದಂತೆಲ್ಲ ತಾನು ಪೂಜಿಸುವವನೆಂಬ ಹಮ್ಮು ಹೆಚ್ಚುತ್ತಿದ್ದರೆ ಅದು ಹೊಳೆಯ ಸುಳಿ. ಬಸವೇಶ್ವರನಗರ ಎಂಬ ಹೆಸರನ್ನು ಬಸ್ಸಿನ ಕಂಡಕ್ಟರಿಗೆ ದಿನವೂ ಸಾವಿರಾರು ಜನ ಹೇಳುತ್ತಾರೆ, ಅದು ವಿಳಾಸ. ಅವರಲ್ಲಿ ಒಬ್ಬನು ಹೇಳುವಾಗ ಅರೆಕ್ಷಣ ಆ ಮಹಾಪುರುಷನನ್ನು ನೆನೆದರೆ ಅದು ಸ್ಮರಣೆ. ಅಕ್ಷರಗಳು ಅವೇ.

ಕಡೆಯದಾಗಿ ಒಂದು ಎಚ್ಚರ. ಸ್ವಿಟ್ಜರ್ಲೆಂಡಿನ ಗಣಿತಜ್ಞ ಯಾಕೋಬ್ ಬೆರ್ನೂಲಿ, ಚಿಪ್ಪಿನಂತೆ ಹಿಗ್ಗುತ್ತ ಹೋದರೂ ತನ್ನ ಆಕಾರವನ್ನು ಬಿಡದ ಸುರುಳಿಗೆ ಮಾರುಹೋಗಿ, ಅದನ್ನೇ ತನ್ನ ಸಮಾಧಿಯ ಮೇಲೆ ಕೆತ್ತಬೇಕೆಂದು ಬಯಸಿದ್ದನು. 1705ರಲ್ಲಿ ಅವನು ತೀರಿಕೊಂಡ ಮೇಲೆ ಬಾಸೆಲ್ ನಗರದಲ್ಲಿ ಕಲ್ಲುಕುಟಿಗನು ಕೆತ್ತಿದ್ದು ಬೇರೊಂದು ಸುರುಳಿಯನ್ನು: ಸುತ್ತಿನಿಂದ ಸುತ್ತಿಗೆ ಒಂದೇ ಅಂತರ ಉಳಿಯುವ, ಹಿಗ್ಗು ಕಾಣದ ಸುರುಳಿಯನ್ನು. ನೋಡುವವರಿಗೆ ಎರಡೂ ಒಂದೇ. ಕುರುಹನ್ನು ಹಿಡಿದವನಿಗೆ ಅರಿವು ತಾನಾಗಿ ಕೈಸೇರುವುದಿಲ್ಲ. ನಾಳೆಯ ಪೂಜೆ ಇಂದಿನ ಪೂಜೆಯಂತೆಯೇ ಇರುವುದು, ಇರಲಿ. ಕೈ ಅದೇ, ಲಿಂಗ ಅದೇ. ಕೈಯಲ್ಲಿ ಹಿಡಿದವನು ನಿನ್ನೆಗಿಂತ ಕೂದಲೆಳೆಯಷ್ಟು ಹಿರಿದಾಗಿದ್ದರೆ ಸಾಕು.