ಮರಳಿ ಬಂದ ಆಯುಷ್ಯ: ಅರ್ಪಿತವೋ, ಅನರ್ಪಿತವೋ?

ಮನೆಯ ಹಿರಿಯರೊಬ್ಬರು ಕಠಿಣವಾದ ಕಾಯಿಲೆಯಿಂದ ಪಾರಾಗಿ ಮನೆಗೆ ಮರಳಿದಾಗ ಆ ಮನೆಯವರಿಗೆ ಉಂಟಾಗುವ ಸಂತೋಷವು ಸಾಮಾನ್ಯವಾದುದಲ್ಲ. ಮದುವೆಯ ಸಂತೋಷಕ್ಕೆ ಒಂದು ಕ್ರಮವಿದೆ. ತೊಟ್ಟಿಲ ಸಂತೋಷಕ್ಕೂ ಒಂದು ಕ್ರಮವಿದೆ. ಯಾರನ್ನು ಕರೆಯಬೇಕು, ಯಾರ ಪಾದಪೂಜೆ ಮಾಡಬೇಕು, ಎಷ್ಟು ಜನಕ್ಕೆ ಎಡೆ ಮಾಡಬೇಕು ಎಂಬುದನ್ನೆಲ್ಲ ಹಿರಿಯರು ಮೊದಲೇ ಗೊತ್ತುಮಾಡಿ ಇಟ್ಟಿದ್ದಾರೆ. ಆದರೆ ಸಾವಿನ ಹೊಸ್ತಿಲ ತನಕ ಹೋಗಿ ಒಬ್ಬರು ಹಿಂದಿರುಗಿ ಬಂದ ಸಂತೋಷಕ್ಕೆ ಇಂಥದೇ ಎಂಬ ಕ್ರಮವಿಲ್ಲ. ಆದಕಾರಣವೇ ಅದು ಒಂದೊಂದು ಮನೆಯಲ್ಲಿ ಒಂದೊಂದು ದಾರಿ ಹಿಡಿಯುತ್ತದೆ. ಕೆಲವೆಡೆ ಮನಸ್ತಾಪಕ್ಕೂ ಕಾರಣವಾಗುತ್ತದೆ.

ಕಲಬುರಗಿ ನಗರದ ರೋಜಾ ಭಾಗದಲ್ಲಿರುವ ಸದ್ಭಕ್ತರ ಮನೆಯೊಂದರಲ್ಲಿ ಹೀಗೆಯೇ ಆಯಿತು. ಮನೆಯ ಯಜಮಾನರು ಶಾಲಾ ಶಿಕ್ಷಕರಾಗಿ ನಿವೃತ್ತರಾದವರು. ಕಮಲಾಪುರದ ಸೀಮೆಯಲ್ಲಿ ಸ್ವಲ್ಪ ಹೊಲವುಳ್ಳವರು. ಅವರಿಗೆ ಹೃದಯದ ಬೇನೆ ಬಂದು, ಶಸ್ತ್ರಚಿಕಿತ್ಸೆಯಾಗಿ, ತಿಂಗಳುಗಟ್ಟಲೆ ಹಾಸಿಗೆ ಹಿಡಿದಿದ್ದು, ಈಗ ಮನೆಯ ಕಟ್ಟೆಯ ಮೇಲೆ ಕುಳಿತು ಪತ್ರಿಕೆ ಓದುವಷ್ಟು ಚೇತರಿಸಿಕೊಂಡಿದ್ದಾರೆ. ಮಗನು, ತಂದೆತಾಯಿಗಳನ್ನೂ ಮಕ್ಕಳನ್ನೂ ಕರೆದುಕೊಂಡು ಮಲ್ಪೆಯ ಕಡಲಿನ ದ್ವೀಪಕ್ಕೆ ಹೋಗಿ ನಾಲ್ಕು ದಿನ ಇದ್ದು ಬರಬೇಕೆಂದು ನಿಶ್ಚಯಿಸಿದ. ತಾಯಿಯು ಬೇನೆಯ ದಿನಗಳಲ್ಲಿ, ಯಜಮಾನರು ಉಳಿದರೆ ಶರಣಬಸವೇಶ್ವರರ ದಾಸೋಹಕ್ಕೆ ಒಂದು ಕ್ವಿಂಟಲ್ ತೊಗರಿಬೇಳೆ ಒಪ್ಪಿಸುವೆನೆಂದು ಹರಕೆ ಹೊತ್ತಿದ್ದಳು. ಔಷಧಿ, ಆಸ್ಪತ್ರೆ, ಓಡಾಟಗಳಿಗಾಗಿ ಮಾಡಿದ ಸಾಲ ಇನ್ನೂ ಉಳಿದಿತ್ತು. ಎರಡಕ್ಕೂ ಹಣವಿಲ್ಲ. “ದೇವರ ಋಣ ಬಿಟ್ಟು ವಿಹಾರಕ್ಕೆ ಹೋಗುವುದೇ?” ಎಂದು ಬಂಧುಗಳು ಕೇಳಿದರು. “ಉಳಿದು ಬಂದ ಅಪ್ಪನಿಗೆ ಒಂದಿಷ್ಟು ಸುಖ ತೋರಿಸುವುದೂ ತಪ್ಪೇ?” ಎಂದು ಮಗ ಕೇಳಿದ. ವಾಚಕರಲ್ಲಿ ಅನೇಕರ ಮನೆಗಳಲ್ಲಿ ಈ ಬಗೆಯ ಮಾತು ನಡೆದಿರಬಹುದಾದುದರಿಂದ ಇದನ್ನು ಶರಣಧರ್ಮದ ಬೆಳಕಿನಲ್ಲಿ ಕೊಂಚ ವಿಚಾರಿಸುವುದು ಅಪ್ರಸ್ತುತವಾಗಲಾರದು.

ಮೊದಲು ಬಂಧುಗಳ ಆಕ್ಷೇಪಣೆಯನ್ನೇ ನೋಡೋಣ. ಅವರಲ್ಲಿ ಕೆಲವರು, “ಹೋಗಲೇಬೇಕೆಂದಿದ್ದರೆ ಕೂಡಲಸಂಗಮಕ್ಕೆ ಹೋಗಲಿ, ಅದೂ ನೀರಿನ ನಡುವಿನ ಸ್ಥಾನವೇ. ಕಡಲಿನ ದ್ವೀಪದಲ್ಲಿ ಏನಿದೆ?” ಎಂದರು. ಮಾತು ಮೇಲುನೋಟಕ್ಕೆ ಸಮಂಜಸವಾಗಿ ತೋರುತ್ತದೆ. ಕೃಷ್ಣಾ ಮಲಪ್ರಭೆಗಳು ಕೂಡುವ ಆ ಎಡೆಯಲ್ಲಿ, 1982ರಲ್ಲಿ ಪೂರ್ಣಗೊಂಡ ನಾರಾಯಣಪುರದ ಅಣೆಕಟ್ಟಿನ ಹಿನ್ನೀರು ಐಕ್ಯಮಂಟಪವನ್ನು ಸುತ್ತುವರಿಯುವಂತಾದಾಗ, ಅದರ ಸುತ್ತ ಬಾವಿಯಂತೆ ಎತ್ತರದ ಗೋಡೆಯನ್ನು ಕಟ್ಟಿದರು. ಇಂದು ಭಕ್ತರು ಸೇತುವೆಯ ಮೇಲೆ ನಡೆದುಹೋಗಿ, ಮೆಟ್ಟಿಲುಗಳನ್ನಿಳಿದು, ಹೊರಗಿನ ನೀರಿನ ಮಟ್ಟಕ್ಕಿಂತ ಕೆಳಗೆ ನಿಂತು ದರ್ಶನ ಪಡೆಯುತ್ತಾರೆ. ಅಣ್ಣನವರು ಬಯಲಾದ ಸ್ಥಾನವೆಂಬ ಭಾವನೆಯಿಂದ ಅಲ್ಲಿಗೆ ಹೋಗುವುದು ನಮ್ಮೆಲ್ಲರಿಗೂ ಪ್ರಿಯವಾದುದೇ. ಆದರೆ ಅಲ್ಲಿಗೆ ಹೋದರೆ ಧರ್ಮ, ಮಲ್ಪೆಗೆ ಹೋದರೆ ಅಧರ್ಮ ಎಂಬ ವಿಂಗಡಣೆಯನ್ನು ಶರಣರ ಹೆಸರಿನಲ್ಲಿ ಮಾಡುವುದು ಸಲ್ಲದು. ತೀರ್ಥಸ್ನಾನದಿಂದ ಪಾಪ ಕಳೆಯುತ್ತದೆ, ಕ್ಷೇತ್ರದ ಮಣ್ಣಿನಿಂದ ಪುಣ್ಯ ಬರುತ್ತದೆ ಎಂಬ ನಂಬಿಕೆಯನ್ನು ಅವರಷ್ಟು ನಿಷ್ಠುರವಾಗಿ ಪ್ರಶ್ನಿಸಿದವರು ವಿರಳ. ಅಂಗೈಯಲ್ಲಿ ಇಷ್ಟಲಿಂಗವಿರುವವನಿಗೆ ಯಾವ ನೆಲವೂ ದೂರದ ನೆಲವಲ್ಲ. ಯಾತ್ರೆಯೆಂಬ ಹೆಸರಿಟ್ಟ ಮಾತ್ರಕ್ಕೆ ಪಯಣವೊಂದು ಶುದ್ಧವಾಗುವುದಿಲ್ಲ. ವಿಹಾರವೆಂದ ಮಾತ್ರಕ್ಕೆ ಕೆಡುವುದೂ ಇಲ್ಲ. ಕ್ಷೇತ್ರಗಳ ವಸತಿಗೃಹಗಳಲ್ಲಿ ಇಸ್ಪೀಟಾಡಿ ಬಂದವರನ್ನು ನಾವು ಕಂಡಿಲ್ಲವೇ?

ಶರಣರ ಬಾಳಿನಲ್ಲಿ ಸಂಚಾರಕ್ಕೆ ಅಲ್ಪ ಸ್ಥಾನವಿರಲಿಲ್ಲ. ಉಡುತಡಿಯ ಮಹಾದೇವಿಯಕ್ಕನು ಕಲ್ಯಾಣಕ್ಕೆ ಬಂದು, ಅಲ್ಲಿಂದ ಶ್ರೀಶೈಲದ ಕದಳಿಗೆ ನಡೆದಳು. ಪ್ರಭುದೇವರಿಗೆ ನಿಂತ ನೆಲೆಯೇ ಇರಲಿಲ್ಲ. ಕಲಬುರಗಿಯಿಂದ ಕಮಲಾಪುರದ ಮೇಲೆ ಹುಮನಾಬಾದಿಗೆ ಹೋಗುವ ದಾರಿಯನ್ನು ಹಿಡಿದವರು ಮುಂದೆ ಕಲ್ಯಾಣವನ್ನೇ ಮುಟ್ಟುತ್ತಾರೆ. ದೂರದೂರದ ನಾಡುಗಳಿಂದ ಜನರು ಆ ಪಟ್ಟಣಕ್ಕೆ ನಡೆದು ಬಂದುದು ಕಲ್ಲಿನ ಗುಡಿಯ ದರ್ಶನಕ್ಕಾಗಿ ಅಲ್ಲ. ಮನುಷ್ಯರನ್ನು ಕಾಣುವುದಕ್ಕಾಗಿ, ಅವರೊಡನೆ ಕುಳಿತು ಮಾತನಾಡುವುದಕ್ಕಾಗಿ. ಈ ಅಂಶವನ್ನು ಮುಂದೆ ನೆನೆಯಬೇಕಾಗುವುದು.

ಇನ್ನು ಹರಕೆಯ ಮಾತು. ತಾಯಿಯ ಹರಕೆಯನ್ನು ಲಘುವಾಗಿ ಕಾಣುವ ಧೈರ್ಯ ನಮಗಿಲ್ಲ. ಗಾಜಿನ ಬಾಗಿಲಿನಾಚೆ ಗಂಡನು ನಳಿಕೆಗಳ ನಡುವೆ ಮಲಗಿರುವಾಗ ಹೆಂಡತಿಯಾದವಳು ಏನನ್ನು ತಾನೆ ನುಡಿಯಳು? ಆದರೂ ತತ್ತ್ವದ ಮಾತನ್ನು ಹೇಳದೆ ಗತ್ಯಂತರವಿಲ್ಲ. ‘ನೀನು ಇಷ್ಟು ಕೊಟ್ಟರೆ ನಾನು ಇಷ್ಟು ಕೊಡುವೆ’ ಎಂಬುದು ಸಂತೆಯ ಮಾತು. ದೇವರನ್ನು ತೊಗರಿಯ ದಲ್ಲಾಳಿಯನ್ನಾಗಿ ಮಾಡುವ ಈ ರೀತಿಯನ್ನು ಶರಣರು ಒಪ್ಪಲಿಲ್ಲ. ಒಂದು ಕ್ವಿಂಟಲ್ ಬೇಳೆಗೆ ಒಂದು ಜೀವವೆಂದಾದರೆ, ಅದೇ ವಾರ್ಡಿನ ಪಕ್ಕದ ಹಾಸಿಗೆಯಲ್ಲಿ ತೀರಿಕೊಂಡವನ ಹೆಂಡತಿ ಕಡಿಮೆ ಹರಕೆ ಹೊತ್ತಿದ್ದಳೆಂದು ಅರ್ಥವಾಗುತ್ತದೆಯಲ್ಲವೇ? ಇದಕ್ಕಿಂತ ಕ್ರೂರವಾದ ಸಿದ್ಧಾಂತ ಬೇರೊಂದಿಲ್ಲ. ಬದುಕಿ ಬಂದ ಮನೆಯವರು ಇದನ್ನು ವಿಶೇಷವಾಗಿ ಯೋಚಿಸಬೇಕು. ಅವರ ಸಂತೋಷದ ನುಡಿಯೊಂದೊಂದೂ ಉಳಿಯದವರ ಮನೆಯನ್ನು ಮುಟ್ಟುತ್ತದೆ.

ರೋಜಾ ಭಾಗದಲ್ಲಿ ಈ ವಿಷಯಕ್ಕೆ ಇನ್ನೊಂದು ಮುಖವೂ ಇದೆ. ಖ್ವಾಜಾ ಬಂದೇನವಾಜರು 1422ರಲ್ಲಿ ದೇಹಬಿಟ್ಟು ಮಲಗಿರುವ ದರ್ಗಾದ ಆಸುಪಾಸಿನ ಮೊಹಲ್ಲಾ ಅದು. ಯಜಮಾನರನ್ನು ನಡುರಾತ್ರಿ ಆಸ್ಪತ್ರೆಗೆ ಒಯ್ದ ವಾಹನ ನೆರೆಯ ಮುಸಲ್ಮಾನರದು; ಮರುದಿನ ಆ ಮನೆಯ ಮುದುಕಿ ದರ್ಗಾದಲ್ಲಿ ಪ್ರಾರ್ಥಿಸಿ ಬಂದಳು. ಗುಣವಾದ ಮೇಲೆ, ಯಾರ ಪ್ರಾರ್ಥನೆ ಮುಟ್ಟಿತು ಎಂದು ಬೀದಿಯ ಕೆಲವರು ನಗೆಯಾಡಿದರಂತೆ. ಈ ವ್ಯಾಜ್ಯವನ್ನು ತೀರ್ಮಾನಿಸುವ ನ್ಯಾಯಸ್ಥಾನ ಭೂಮಿಯ ಮೇಲಿಲ್ಲ, ಬೇಕಾಗಿಯೂ ಇಲ್ಲ. ವಾಹನ ನಡೆಸಿದವನ ಉಪಕಾರವಂತೂ ಪ್ರತ್ಯಕ್ಷವಾದುದು. ವೈದ್ಯರ ಕಾಯಕವೂ ಹಾಗೆಯೇ. ಕಲ್ಯಾಣದ ಶರಣರಲ್ಲಿ ವೈದ್ಯ ಸಂಗಣ್ಣನೆಂಬವರೊಬ್ಬರಿದ್ದರು. ನಾಡಿ ಹಿಡಿಯುವುದೂ ಮದ್ದರೆಯುವುದೂ ಶಿವಪೂಜೆಗೆ ಹೊರತಾದ ಕೆಲಸವೆಂದು ಅಲ್ಲಿ ಯಾರೂ ಬಗೆಯಲಿಲ್ಲ. ಹೃದಯದ ಬೇನೆಗೆ ಹಿಂದೆ ಸೊಲ್ಲಾಪುರಕ್ಕೋ ಹೈದರಾಬಾದಿಗೋ ಓಡುತ್ತಿದ್ದ ನಮ್ಮ ಭಾಗದವರಿಗೆ 2024ರ ಡಿಸೆಂಬರಿನಲ್ಲಿ ಕಲಬುರಗಿಯಲ್ಲಿಯೇ ಜಯದೇವ ಹೃದ್ರೋಗ ಸಂಸ್ಥೆಯ 371 ಹಾಸಿಗೆಗಳ ಆಸ್ಪತ್ರೆ ತೆರೆದುದು ಸಣ್ಣ ಸಂಗತಿಯಲ್ಲ. (ಆ ಸಂಖ್ಯೆಯು ಕಲ್ಯಾಣ ಕರ್ನಾಟಕಕ್ಕೆ ಸಂಬಂಧಿಸಿದ ಸಂವಿಧಾನದ ವಿಧಿಯನ್ನು ನೆನಪಿಗೆ ತರುತ್ತದೆ, ಹಾಸಿಗೆಗಳನ್ನು ಎಣಿಸುವಾಗಲೂ ನಮ್ಮವರು ರಾಜಕಾರಣವನ್ನು ಮರೆಯುವುದಿಲ್ಲ!) ಕೃತಜ್ಞತೆಯೆಂಬುದು ಮೊದಲು ಕಣ್ಣಿಗೆ ಕಾಣುವ ಕೈಗಳಿಗೆ ಸಲ್ಲಲಿ.

ಹಾಗಾದರೆ ಮರಳಿ ಬಂದ ಆಯುಷ್ಯವು ಏನು? ಬೆಲೆ ಕೊಟ್ಟು ಕೊಂಡದ್ದಲ್ಲ, ಸಾಲವಾಗಿ ತಂದದ್ದೂ ಅಲ್ಲ. ಅದು ಪ್ರಸಾದ. ನಮ್ಮ ಅಷ್ಟಾವರಣಗಳಲ್ಲಿ ಪ್ರಸಾದಕ್ಕಿರುವ ಅರ್ಥವನ್ನು ಊಟದೆಲೆಗೆ ಮಾತ್ರ ಸೀಮಿತಗೊಳಿಸಿದ್ದು ನಮ್ಮ ಸಂಕುಚಿತ ದೃಷ್ಟಿ. ಪ್ರಸಾದಕ್ಕೆ ಮೂರು ಮರ್ಯಾದೆಗಳುಂಟು: ಬೇಡವೆಂದು ತಿರಸ್ಕರಿಸಬಾರದು, ಕೆಡಿಸಬಾರದು, ಒಬ್ಬನೇ ಬಚ್ಚಿಟ್ಟುಕೊಳ್ಳಬಾರದು. ಮೊದಲನೆಯದನ್ನು ಗಂಭೀರ ಮುಖದ ಭಕ್ತರು ಮರೆಯುತ್ತಾರೆ. ಬದುಕಿ ಬಂದವನ ಮುಂದೆ ನಿತ್ಯವೂ ಅನಿತ್ಯತೆಯ ಉಪದೇಶ ಮಾಡುತ್ತ, ನಗುವನ್ನು ಸಾಲದ ಮೇಲಿನ ಬಡ್ಡಿಯಂತೆ ಲೆಕ್ಕ ಹಾಕುವುದು ಪ್ರಸಾದದ ತಿರಸ್ಕಾರವೇ ಸರಿ. ಕಡಲನ್ನು ಕಂಡು ಮುದುಕನೊಬ್ಬನು ಮಗುವಿನಂತೆ ಹಿಗ್ಗಿದರೆ ಆ ಹಿಗ್ಗೂ ಲಿಂಗಕ್ಕೆ ಅರ್ಪಿತವಾಗಬಲ್ಲುದು. ರೂಪು, ರುಚಿ, ತೃಪ್ತಿ ಮೂರನ್ನೂ ಅರ್ಪಿಸಬಹುದೆಂದ ಧರ್ಮದಲ್ಲಿ ಕಣ್ಣಿನ ತೃಪ್ತಿಗೆ ಬಾಗಿಲು ಮುಚ್ಚಿಲ್ಲ.

ಅರ್ಪಿಸಲಾಗದುದು ಯಾವುದು ಎಂಬುದೇ ನಿಜವಾದ ಪ್ರಶ್ನೆ. ಸಾಲ ತಂದು ಮಾಡಿದ ಆಡಂಬರವನ್ನು ಅರ್ಪಿಸಲಾಗದು. ಆಯ್ದಕ್ಕಿ ಮಾರಯ್ಯನು ಎಂದಿಗಿಂತ ಹೆಚ್ಚು ಅಕ್ಕಿಯನ್ನು ತಂದಾಗ, ಹೆಚ್ಚಾದುದನ್ನು ಅಲ್ಲಿಯೇ ಸುರಿದು ಬಾ ಎಂದು ಲಕ್ಕಮ್ಮನು ಹಿಂದಕ್ಕೆ ಕಳುಹಿದ ಕಥೆ ಎಲ್ಲರಿಗೂ ತಿಳಿದದ್ದು. ಆಕೆಯು ಊಟವನ್ನು ನಿಷೇಧಿಸಲಿಲ್ಲ, ಅಳತೆಯನ್ನು ಕೇಳಿದಳು. ಕಡಲ ತೀರದ ದೊಡ್ಡ ಹೋಟೆಲಿನಲ್ಲಿ ನಾಲ್ಕು ದಿನಗಳ ಬದಲು ಸಾಮಾನ್ಯವಾದ ವಸತಿಯಲ್ಲಿ ಎರಡು ದಿನವೆಂದು ಲಕ್ಕಮ್ಮ ಹೇಳುತ್ತಿದ್ದಳೆಂದು ನಮ್ಮ ಊಹೆ. ಅಷ್ಟರಿಂದ ಹಣದ ವ್ಯಾಜ್ಯವೂ ಅರ್ಧ ಬಗೆಹರಿಯುತ್ತದೆ.

ಆದರೆ ಈ ಮನೆಯ ಕಥೆಯಲ್ಲಿ ಹಣಕ್ಕಿಂತ ಆಳವಾದುದೊಂದು ಇತ್ತು. ಮಗನು ಬಹಳ ಹೊತ್ತು ಮಾತನಾಡಿದ ಮೇಲೆ ಅದನ್ನು ಹೇಳಿದನು. ತಂದೆಯು ಎಚ್ಚರವಿಲ್ಲದೆ ಮಲಗಿದ್ದ ರಾತ್ರಿಗಳಲ್ಲಿ ಆತನು ಆಸ್ಪತ್ರೆಯ ಬೆಂಚಿನ ಮೇಲೆ ಕುಳಿತು ಒಂದು ಸಣ್ಣ ಪುಸ್ತಕದಲ್ಲಿ ಬರೆದಿದ್ದನು: ಹೊಲದ ಪಹಣಿ ಎಲ್ಲಿದೆ, ಪಿಂಚಣಿ ಅವ್ವನ ಹೆಸರಿಗೆ ಆಗಲು ಯಾವ ಕಾಗದ ಬೇಕು, ಬ್ಯಾಂಕಿನಲ್ಲಿ ಎಷ್ಟಿದೆ, ಮಣ್ಣಿಗೆ ಎಷ್ಟು ಖರ್ಚಾಗಬಹುದು. ತಂದೆ ಮನೆಗೆ ಬಂದ ಮೇಲೆ ಔಷಧಿಯ ಚೀಟಿ ಹುಡುಕುವಾಗ ಆ ಪುಸ್ತಕ ಅವರ ಕೈಗೆ ಸಿಕ್ಕಿತು. ಅವರು ಓದಿದರು, ಮುಚ್ಚಿ ಇದ್ದಲ್ಲಿಯೇ ಇಟ್ಟರು, ಒಂದು ಮಾತನ್ನೂ ಆಡಲಿಲ್ಲ. ಅಂದಿನಿಂದ ಮಗನು ತಂದೆಯ ಮುಖವನ್ನು ನೆಟ್ಟಗೆ ನೋಡಲಾರದಾದನು. ದ್ವೀಪದ ಯೋಚನೆ ಆರಂಭವಾದುದು ಆ ವಾರದಲ್ಲಿ.

ಇಂಥ ಸಂದರ್ಭದಲ್ಲಿ ಆತನನ್ನು ಪಾಪಿಯೆನ್ನುವುದು ಸುಲಭ, ನ್ಯಾಯವಲ್ಲ. ಗಂಡನಿಲ್ಲದ ತಾಯಿಯ ಅನ್ನದ ದಾರಿಯನ್ನು ಯೋಚಿಸುವುದು ಮಗನ ಕರ್ತವ್ಯ. ಪ್ರೀತಿಯು ಅಳುತ್ತದೆ, ಅಳುತ್ತಲೇ ಲೆಕ್ಕವನ್ನೂ ಬರೆಯುತ್ತದೆ. ಆಸ್ಪತ್ರೆಯ ಬೆಂಚಿನ ಮೇಲೆ ಕುಳಿತವರಲ್ಲಿ ಈ ಎರಡನ್ನೂ ಮಾಡದವರು ಎಷ್ಟು ಮಂದಿ? ಮರಣವನ್ನು ಮಹಾನವಮಿಯಂತೆ ಕಾಣಬೇಕೆಂದು ಬೋಧಿಸಿದ ಪರಂಪರೆಯವರಾದ ನಾವು ಮನೆಯೊಳಗೆ ಮಾತ್ರ ಆ ಶಬ್ದವನ್ನೇ ಎತ್ತಗೊಡುವುದಿಲ್ಲವಾದುದರಿಂದ ಇಂಥ ಪುಸ್ತಕಗಳು ಗುಟ್ಟಾಗಿ ಬರೆಯಲ್ಪಡುತ್ತವೆ. ತಪ್ಪು ಲೆಕ್ಕದಲ್ಲಿಲ್ಲ. ಆ ನಾಚಿಕೆಯನ್ನು ದೋಣಿಯ ಟಿಕೆಟಿನಿಂದ ತೀರಿಸಿಬಿಡಬಹುದೆಂಬ ಆಸೆಯಲ್ಲಿ ತಪ್ಪಿದೆ. ಅದು ತಾಯಿಯ ಹರಕೆಯಂಥದೇ ವ್ಯಾಪಾರ; ಆಕೆ ದೇವರಿಗೆ ಬೇಳೆ ಕೊಡಹೊರಟಳು, ಈತನು ತಂದೆಗೆ ಕಡಲನ್ನು ಕೊಡಹೊರಟನು. ಇಬ್ಬರೂ ಆಡಬೇಕಾದ ಮಾತನ್ನು ಆಡದೆ ಬೆಲೆಯನ್ನು ಮುಂದಿಟ್ಟರು. ಅಂತರಂಗವನ್ನು ಶುದ್ಧಿಮಾಡದೆ ಬಹಿರಂಗದಲ್ಲಿ ಎಷ್ಟು ಸುರಿದರೂ ಅದು ಅನರ್ಪಿತವಾಗಿಯೇ ಉಳಿಯುವುದು.

ಆದಕಾರಣ ಮಗನಿಗೆ ಹೇಳಬೇಕಾದ ಮಾತು ಒಂದೇ: ಹೊರಡುವ ಮೊದಲು ತಂದೆಯೊಡನೆ ಕುಳಿತುಕೊ. ಆ ಪುಸ್ತಕವನ್ನು ನಡುವೆ ಇಟ್ಟು, “ಅಪ್ಪಾ, ಆ ರಾತ್ರಿಗಳಲ್ಲಿ ಇದನ್ನು ಬರೆದೆ” ಎಂದು ಹೇಳು. ಮೂವತ್ತು ವರ್ಷ ಹಾಜರಿ ಪುಸ್ತಕ ಬರೆದ ಮೇಷ್ಟ್ರು ಲೆಕ್ಕಕ್ಕೆ ಹೆದರುವವರಲ್ಲ. ಪಹಣಿಯಲ್ಲಿ ನೀನು ತಪ್ಪಾಗಿ ಬರೆದ ಸರ್ವೆ ನಂಬರನ್ನು ಅವರೇ ತಿದ್ದಿಯಾರು. ಶರಣರು ದೂರದಿಂದ ನಡೆದು ಬಂದುದು ಕುಳಿತು ಮಾತನಾಡುವುದಕ್ಕಾಗಿ ಎಂದು ಮೇಲೆ ಹೇಳಿದೆವು. ಒಂದೇ ಮಾಳಿಗೆಯ ಕೆಳಗಿನ ತಂದೆಮಕ್ಕಳು ಅದಕ್ಕಾಗಿ ಕಡಲ ತನಕ ಹೋಗಬೇಕಾಗಿಲ್ಲ. ಆ ಮಾತಾದ ಮೇಲೆ ಹೋದರೆ, ಹೋದದ್ದು ಸಂತೋಷಕ್ಕಾಗಿಯೇ ಆದೀತು.

ಇನ್ನೊಬ್ಬರನ್ನು ಎಲ್ಲರೂ ಮರೆತಿದ್ದಾರೆ. ಕಾಯಿಲೆಯಾದವನಿಗೆ ಹಣ್ಣು ತರುವವರು ನೂರು ಮಂದಿ. ಕಮಲಾಪುರದ ಕೆಂಪು ಬಾಳೆಯ ಗೊನೆಗಳೇ ಆ ಮನೆಗೆ ಬಂದು ಬಿದ್ದವಂತೆ. ರಾತ್ರಿಯೆಲ್ಲ ಎಚ್ಚರವಿದ್ದು, ಮೈ ಒರೆಸಿ, ಉಪ್ಪಿಲ್ಲದ ಗಂಜಿ ಕುಡಿಸಿದವಳಿಗೆ ಯಾರು ಏನನ್ನು ತಂದರು? ಯಜಮಾನರನ್ನು ಕೇಳಿದಾಗ, ತಮಗೆ ಕಟ್ಟೆಯೇ ಸಾಕು, ಕಡಲು ಬೇಡವೆಂದರು. ತಾಯಿಯನ್ನು ಮಾತ್ರ ಯಾರೂ ಕೇಳಿರಲಿಲ್ಲ. ಕೇಳಿದಾಗ ಆಕೆ, “ನಾ ಸಮುದ್ರ ಎಲ್ಲಿ ನೋಡೀನಪ್ಪ, ಸಿನೆಮಾದಾಗ ನೋಡಿದ್ದೇ” ಎಂದಳಂತೆ. ಅಲ್ಲಿಗೆ ವಿಹಾರ ಯಾರದಾಗಬೇಕೆಂಬುದು ತಾನಾಗಿಯೇ ಗೊತ್ತಾಯಿತು. ದಾಸೋಹವೆಂಬುದು ಮಠದ ಪಂಕ್ತಿಯಲ್ಲಿ ಮಾತ್ರ ನಡೆಯುವುದೆಂದು ತಿಳಿಯಬಾರದು. ಸೇವೆ ಮಾಡಿ ದಣಿದವಳಿಗೆ ಮಾಡುವ ಸೇವೆಯೂ ಅದೇ.

ಹೋಗುವವರಿಗೆ ಕೆಲವು ವ್ಯಾವಹಾರಿಕ ಮಾತುಗಳು. ತೋನ್ಸೆಪಾರ್ ಎಂದೂ ಕರೆಯಲ್ಪಡುವ ಸೇಂಟ್ ಮೇರೀಸ್ ದ್ವೀಪದಲ್ಲಿ ರಾತ್ರಿ ತಂಗುವಂತಿಲ್ಲ. ಮಲ್ಪೆಯಿಂದ ದೋಣಿಯಲ್ಲಿ ಹೋಗಿ ಅಂದೇ ಹಿಂದಿರುಗಬೇಕು. ಮಳೆಗಾಲದಲ್ಲಿ ಕಡಲು ಮುನಿದಿರುವುದರಿಂದ ದೋಣಿಗಳು ನಡೆಯುವುದಿಲ್ಲ. ಅಲ್ಲಿಯ ಕಲ್ಲುಗಳು, ಸುಮಾರು 8 ಕೋಟಿ 80 ಲಕ್ಷ ವರ್ಷಗಳ ಹಿಂದೆ ಭೂಗರ್ಭದಿಂದ ಉಕ್ಕಿದ ಲಾವಾ ತಣಿದು, ಕೆತ್ತಿ ನಿಲ್ಲಿಸಿದ ಕಂಬಗಳಂತೆ ಆದವು. ನಮ್ಮ ಸೀಮೆಯ ಕರಿಬಂಡೆಯೂ ಹಾಗೆಯೇ ಉಕ್ಕಿ ತಣಿದುದೇ ಆದರೂ ವಯಸ್ಸಿನಲ್ಲಿ ಅದಕ್ಕಿಂತ ಕಿರಿಯದು; ಮೊಮ್ಮಕ್ಕಳಿಗೆ ಇದನ್ನು ಹೇಳಲು ಮೇಷ್ಟ್ರಿಗಿಂತ ತಕ್ಕವರು ಯಾರು? ಬಯಲುಸೀಮೆಯವರಾದ ನಮಗೆ ಅಲೆಯ ಸ್ವಭಾವ ತಿಳಿಯದು. ನೀರಿಗಿಳಿಯುವ ಉತ್ಸಾಹ ಬೇಡ. ಹೃದಯದ ಬೇನೆಯಿಂದ ಎದ್ದವರು ಬಸ್ಸಿನ ಅಷ್ಟು ದೂರದ ಪಯಣಕ್ಕೂ ದೋಣಿಯ ಕುಲುಕಾಟಕ್ಕೂ ವೈದ್ಯರ ಅನುಮತಿಯನ್ನು ಮೊದಲೇ ಪಡೆಯಬೇಕು. ಮಾತ್ರೆಗಳನ್ನು ಪೆಟ್ಟಿಗೆಯಲ್ಲಿಡದೆ ಕೈಚೀಲದಲ್ಲಿಯೇ ಇಟ್ಟುಕೊಳ್ಳಬೇಕು.

ಬೇಳೆಯ ಹರಕೆಯ ವಿಷಯದಲ್ಲಿ ತಾಯಿಯ ಮನಸ್ಸನ್ನು ನೋಯಿಸುವ ಅಗತ್ಯವಿಲ್ಲ. ದಾಸೋಹಕ್ಕೆ ಬೇಳೆ ಸಲ್ಲುವುದು ಒಳ್ಳೆಯದೇ. ಹರಕೆಯ ಹೆಸರು ಬಿಟ್ಟು, ಕಮಲಾಪುರದ ಹೊಲದಲ್ಲಿ ತೊಗರಿ ರಾಶಿಯಾದಾಗ ವರ್ಷಕ್ಕಿಷ್ಟೆಂದು ಸಲ್ಲಿಸಲಿ. ಈ ವರ್ಷದ ಮೊದಲ ಕಂತಿನಲ್ಲಿ ಎರಡು ಸೇರು, ವಾಹನ ತಂದ ನೆರೆಯವರ ಮನೆಗೂ ಹೋಗಲಿ.