ಕಾಣದ್ದಕ್ಕೆ ಸಾಕ್ಷಿ ಹೇಳಬೇಡಿರಿ

ಧ್ಯಾನಕ್ಕೆ ವೇದಭಾಗ: ವಿಮೋಚನಕಾಂಡ 23ನೇ ಅಧ್ಯಾಯ, 1 ಮತ್ತು 2ನೇ ವಚನಗಳು.



ಸೀನಾಯಿ ಬೆಟ್ಟದ ಎದುರಿನಲ್ಲಿ ಇಳಿದುಕೊಂಡಿದ್ದ ಇಸ್ರಾಯೇಲ್ಯರಿಗೆ ದೇವರು ಮೋಶೆಯ ಮೂಲಕ ಕೊಟ್ಟ ಕಟ್ಟಳೆಗಳಲ್ಲಿ ಎರಡು ಒಂದರ ಪಕ್ಕದಲ್ಲಿ ಒಂದಾಗಿ ನಿಂತಿರುವವು. ಸುಳ್ಳು ಸುದ್ದಿಯನ್ನು ಎಬ್ಬಿಸಿ ನಡಿಸಬಾರದೆಂಬದು ಮೊದಲನೆಯದು. ಬಹುಜನರ ಬೆನ್ನುಹತ್ತಿ ಕೇಡಿಗೆ ಹೋಗಬಾರದೆಂಬದು ಎರಡನೆಯದು. ದೇವರು ಇವೆರಡನ್ನು ಯಾಕೆ ಜೊತೆಯಾಗಿ ಇಟ್ಟನೋ ಅದನ್ನು ನಮ್ಮ ಕಾಲದವರಾದ ನಾವು ಚೆನ್ನಾಗಿ ಬಲ್ಲೆವು. ಸುದ್ದಿಯು ಮುಂದೆ ಹೋಗುವದು. ಗುಂಪು ಅದರ ಹಿಂದೆ ಬರುವದು.

2018ನೆಯ ಇಸವಿ ಜುಲೈ 13ರಂದು ನಮ್ಮ ಕರ್ನಾಟಕದ ಬೀದರ ಜಿಲ್ಲೆಯಲ್ಲಿ ನಡೆದದ್ದನ್ನು ನಿಮ್ಮಲ್ಲಿ ಕೆಲವರು ಮರೆತಿರಲಾರಿರಿ. ಹೈದರಾಬಾದಿನಿಂದ ಕೆಲವು ಮಂದಿ ಸ್ನೇಹಿತರು ಮೋಟಾರಿನಲ್ಲಿ ಆ ಸೀಮೆಗೆ ಬಂದರು. ದಾರಿಯಲ್ಲಿ ಕಂಡ ಮಕ್ಕಳಿಗೆ ಅವರು ಚಾಕೊಲೇಟು ಕೊಟ್ಟರು. ಅಷ್ಟಕ್ಕೇ ಅವರು ಮಕ್ಕಳ ಕಳ್ಳರೆಂಬ ಕೂಗು ಎದ್ದಿತು. ಹೆದರಿ ಮೋಟಾರನ್ನು ಓಡಿಸಿದರು. ಆದರೆ ಮೊಬೈಲಿನ ಸಂದೇಶವು ಅವರಿಗಿಂತ ವೇಗವಾಗಿ ಓಡಿ ಮುರ್ಕಿ ಎಂಬ ಹಳ್ಳಿಗೆ ಮೊದಲೇ ಮುಟ್ಟಿತ್ತು. ಅಲ್ಲಿಯ ಜನರು ದಾರಿಯನ್ನು ಅಡ್ಡಗಟ್ಟಿದರು. ಕಲ್ಲು ಕೋಲುಗಳಿಂದ ಹೊಡೆತ ತಿಂದು ಅವರಲ್ಲಿ ಒಬ್ಬ ಯೌವನಸ್ಥನು ಸತ್ತನು, ಉಳಿದವರು ಗಾಯಪಟ್ಟರು, ನಡುವೆ ಹೋಗಿ ಅವರನ್ನು ಬಿಡಿಸಿದ ಪೊಲೀಸರಿಗೂ ಗಾಯಗಳಾದವು. ಸತ್ತವನು ಒಬ್ಬ ಇಂಜಿನಿಯರು. ಅವನು ಯಾರ ಮಗುವನ್ನೂ ಕದ್ದವನಲ್ಲ.

ಪ್ರಿಯರೇ, ಅವನನ್ನು ಕೊಂದವರು ಯಾರು? ಕಲ್ಲೆಸೆದವರೆಂದು ನ್ಯಾಯಸ್ಥಾನವು ಹೇಳುವದು, ಅದು ಸರಿಯೇ. ಆದರೆ ಕಲ್ಲನ್ನು ಮುಟ್ಟದೆ, ಮನೆಯ ಜಗಲಿಯ ಮೇಲೆ ಕೂತು, ಕಾಣದ ಸಂಗತಿಯನ್ನು ಬೆರಳಿನಿಂದ ಒತ್ತಿ ಮುಂದಕ್ಕೆ ಕಳುಹಿಸಿದವರು ದೇವರ ಮುಂದೆ ಏನು ಹೇಳುವರು? ಅಪೊಸ್ತಲನ ಕಾಲದಲ್ಲಿ ಕಾಡಿಗೆ ಬೆಂಕಿ ಹಚ್ಚುವ ಕಿಡಿಯು ನಾಲಿಗೆಯಾಗಿತ್ತೆಂದು ಯಾಕೋಬನ ಪತ್ರಿಕೆಯ 3ನೇ ಅಧ್ಯಾಯದಿಂದ ಕಲಿತೆವು. ಈಗ ನಮ್ಮ ಬೆರಳಿಗೂ ಒಂದು ನಾಲಿಗೆ ಹುಟ್ಟಿದೆ.

ಸುಳ್ಳು ಹೇಗೆ ಮಾಡಲ್ಪಡುವದೆಂಬದನ್ನು ತಿಳಿಯುವದು ನಮಗೆ ಹಿತ. ಆ ವರ್ಷ ನಮ್ಮ ದೇಶದಲ್ಲೆಲ್ಲಾ ಹರಡಿದ ಒಂದು ಚಲಿಸುವ ಚಿತ್ರದಲ್ಲಿ, ಮೋಟಾರು ಸೈಕಲಿನಲ್ಲಿ ಬಂದ ಇಬ್ಬರು ಬೀದಿಯಲ್ಲಿ ಆಡುತ್ತಿದ್ದ ಮಗುವನ್ನು ಎತ್ತಿಕೊಂಡು ಹೋಗುವದು ಕಾಣುತ್ತಿತ್ತು. ನೋಡಿದ ತಾಯಂದಿರು ನಡುಗಿದರು. ಆದರೆ ಅದು ಪಾಕಿಸ್ತಾನದ ಕರಾಚಿ ಪಟ್ಟಣದಲ್ಲಿ, ಮಕ್ಕಳನ್ನು ಜೋಪಾನವಾಗಿ ನೋಡಿಕೊಳ್ಳಿರೆಂದು ಹೆತ್ತವರನ್ನು ಎಚ್ಚರಿಸುವದಕ್ಕಾಗಿ ಆಡಿ ತೋರಿಸಿದ ಚಿತ್ರವಾಗಿತ್ತು. ಅದರ ಕೊನೆಯಲ್ಲಿ ಆ ಇಬ್ಬರೇ ಮಗುವನ್ನು ತಂದು ಬಿಟ್ಟು, ಎಚ್ಚರಿಕೆಯ ಮಾತು ಬರೆದ ಫಲಕವನ್ನು ಹಿಡಿಯುವರು. ಯಾರೋ ಆ ಕೊನೆಯನ್ನು ಕತ್ತರಿಸಿಬಿಟ್ಟರು. ಉಳಿದ ತುಂಡು ಊರೂರು ತಿರುಗಿತು.

ಈ ಕತ್ತರಿಯು ಹೊಸದಲ್ಲ. ಯೋಸೇಫನ ಅಣ್ಣಂದಿರು ಅವನ ನಿಲುವಂಗಿಯನ್ನು ಹೋತಮರಿಯ ರಕ್ತದಲ್ಲಿ ಅದ್ದಿ ತಂದೆಯ ಮುಂದೆ ಇಟ್ಟರು. ಮೃಗವು ತಿಂದಿತೆಂದು ಅವರು ಹೇಳಲಿಲ್ಲ. ಅಂಗಿಯನ್ನು ತೋರಿಸಿದರು, ಅಷ್ಟೇ. ಅಂಗಿಯು ನಿಜವಾದದ್ದು, ರಕ್ತವೂ ನಿಜವಾದದ್ದು; ಅವೆರಡನ್ನು ಕೂಡಿಸಿದ್ದು ಸುಳ್ಳು. ಮುದುಕನು ತನ್ನ ಕಣ್ಣನ್ನು ನಂಬಿ ಬಹುಕಾಲ ದುಃಖಪಟ್ಟನು. ಅಡವಿಯಲ್ಲಿ ನಮ್ಮ ಕರ್ತನನ್ನು ಶೋಧಿಸಿದ ಸೈತಾನನೂ ಹಾಗೆಯೇ ಮಾಡಿದನು. 91ನೇ ಕೀರ್ತನೆಯನ್ನು ಹೇಳುವಾಗ ನಡುವಿನ ಒಂದು ಮಾತನ್ನು ಬಿಟ್ಟನು. ಸರ್ಪವನ್ನು ತುಳಿಯುವ ಮಾತು ಮುಂದೆ ಬರುವದರಿಂದ ಅದಕ್ಕೆ ಮೊದಲೇ ನಿಲ್ಲಿಸಿದನು. ದೇವರ ವಾಕ್ಯವನ್ನೇ ತುಂಡು ಮಾಡಿ ತೋರಿಸಿದವನು ಮನುಷ್ಯರ ಚಿತ್ರವನ್ನು ಬಿಟ್ಟಾನೇ?

ಇತರರನ್ನು ಖಂಡಿಸಿ ನಮ್ಮ ತಪ್ಪನ್ನು ಬಚ್ಚಿಡುವದು ಸರಿಯಲ್ಲ. ನಮ್ಮ ಊರಿಗೆ ಚಳಿಗಾಲದಲ್ಲಿ ದೂರದೇಶದಿಂದ ಒಬ್ಬ ಕಂಬಳಿ ಮಾರುವವನು ಬರುತ್ತಿದ್ದನು. ಒಂದು ವರ್ಷ ಮಕ್ಕಳ ಕಳ್ಳರು ವ್ಯಾಪಾರಿಗಳ ವೇಷದಲ್ಲಿ ಬರುತ್ತಾರೆಂಬ ಸಂದೇಶವು ನಮ್ಮ ಕೈಗೆ ಬಂತು. ನಾವು ವಿಚಾರಿಸದೆ, ಎಚ್ಚರಿಕೆಯಲ್ಲವೇ ಎಂದುಕೊಂಡು, ಅದನ್ನು ಸಭೆಯವರೆಲ್ಲರಿಗೆ ಕಳುಹಿಸಿದೆವು. ಉಪದೇಶಿಯೇ ಕಳುಹಿಸಿದ ಮೇಲೆ ಅದನ್ನು ಸಂದೇಹಿಸುವವರು ಯಾರು? ಎರಡು ದಿವಸಗಳಾದ ಮೇಲೆ ಆ ಮನುಷ್ಯನು ಬಂದಾಗ, ಪ್ರತಿವರ್ಷ ಅವನಿಗೆ ಮಜ್ಜಿಗೆ ಕೊಡುತ್ತಿದ್ದ ಮನೆಯ ಬಾಗಿಲು ಮುಚ್ಚಿತು. ಯಾರೂ ಅವನನ್ನು ಹೊಡೆಯಲಿಲ್ಲ, ದೇವರಿಗೆ ಸ್ತೋತ್ರ. ಆದರೆ ಅವನು ಗಂಟನ್ನು ಹೊತ್ತುಕೊಂಡು ಹೋದವನು ತಿರಿಗಿ ಬರಲಿಲ್ಲ. ಅವನ ಕ್ಷಮೆಯನ್ನು ಕೇಳುವದಕ್ಕೆ ನಮಗೆ ಅವನ ಊರೂ ಗೊತ್ತಿಲ್ಲ.

ಮಕ್ಕಳ ಮೇಲಿನ ಪ್ರೀತಿಯಿಂದಲೇ ಮಾಡಿದೆವಲ್ಲಾ ಎಂದು ಹೇಳುವದುಂಟು. ಇದಕ್ಕೆ ಸಭೆಯ ಚರಿತ್ರೆಯು ಉತ್ತರ ಕೊಡಲಿ. ಕ್ರಿ. ಶ. 177ರಲ್ಲಿ, ಈಗ ಫ್ರಾನ್ಸ್ ಎನ್ನುವ ದೇಶದ ಲಿಯೋನ್ ಪಟ್ಟಣದಲ್ಲಿ ವಿಶ್ವಾಸಿಗಳನ್ನು ಹಿಡಿದು ಹಿಂಸಿಸಿದರು. ಕ್ರೈಸ್ತರು ಗುಟ್ಟಾಗಿ ಕೂಡಿ ಮನುಷ್ಯಮಾಂಸವನ್ನು ತಿನ್ನುತ್ತಾರೆಂಬ ಸುದ್ದಿಯು ಆಗ ಹಬ್ಬಿತ್ತು. ಆ ಕಾಲದಲ್ಲಿ ಶಿಶುಗಳನ್ನು ಕೊಲ್ಲುವ ದೋಷವನ್ನೂ ನಮ್ಮವರ ಮೇಲೆ ಹೊರಿಸುತ್ತಿದ್ದರು. ಜನರು ನಂಬಿದರು, ರೇಗಿದರು. ತೊಂಬತ್ತು ವರ್ಷ ದಾಟಿದ ಅಧ್ಯಕ್ಷನಾದ ಪೋಥೀನನು ಸೆರೆಮನೆಯಲ್ಲಿ ಸತ್ತನು. ದಾಸಿಯಾದ ಬ್ಲಾಂದೀನಳು ಬಹು ಹಿಂಸೆಯನ್ನು ತಾಳಿ ಪ್ರಾಣಬಿಟ್ಟಳು. ಅವರ ಮೇಲೆ ಕೂಗಿದವರಲ್ಲಿಯೂ ತಮ್ಮ ಮಕ್ಕಳನ್ನು ಪ್ರೀತಿಸುವವರು ಇದ್ದರು. ನಾವು ಕಾಣದ್ದಕ್ಕೆ ಸಾಕ್ಷಿ ಹೇಳುವಾಗಲೆಲ್ಲಾ ಪೋಥೀನನ ಬಳಿಯಲ್ಲಲ್ಲ, ಆ ಗುಂಪಿನಲ್ಲಿ ನಿಂತಿರುವೆವು.

ಮೊಬೈಲು ಸೈತಾನನ ಯಂತ್ರವೆಂದು ನಾವು ಹೇಳುವದಿಲ್ಲ. ಪಟ್ಟಣಕ್ಕೆ ದುಡಿಯಲು ಹೋದ ಮಗನ ಸ್ವರವನ್ನು ಅದು ತಾಯಿಗೆ ಕೇಳಿಸುವದು. ಕಣ್ಣು ಮಂಜಾದ ಅಜ್ಜಿಗೆ ಸತ್ಯವೇದವನ್ನು ಓದಿ ಹೇಳುವದು. ಆದರೆ ಮನುಷ್ಯನು ಚೆನ್ನಾಗಿ ಬಾಳುವದು ಎಷ್ಟು ಸುದ್ದಿ ಬರುವದೆಂಬದರಿಂದ ಅಲ್ಲ. ನೆರೆಯವನನ್ನು ನಂಬಿ, ಪರದೇಶಿಗೆ ನೀರು ಕೊಟ್ಟು, ನಿರ್ಭಯವಾಗಿ ಮಲಗುವದರಿಂದಲೇ. ಅತಿಥಿಸತ್ಕಾರ ಮಾಡುತ್ತಾ ಕೆಲವರು ತಿಳಿಯದೆ ದೇವದೂತರನ್ನೇ ಮನೆಗೆ ಸೇರಿಸಿಕೊಂಡರೆಂದು ಇಬ್ರಿಯರಿಗೆ ಬರೆದ ಪತ್ರಿಕೆಯಿಂದ ಬಲ್ಲೆವು. ನಮ್ಮ ಕರ್ತನು ತನ್ನ ಬಳಿಗೆ ತಂದ ಮಕ್ಕಳನ್ನು ಅಪ್ಪಿಕೊಂಡನು. ಮಗುವಿಗೆ ಮಿಠಾಯಿ ಕೊಟ್ಟವನನ್ನು ಕೊಲ್ಲುವ ಊರಿಗೆ ಆತನೇ ಬಂದರೆ ಏನಾದೀತು?

ಆದಕಾರಣ, ಪ್ರಿಯರೇ, ಈ ಕೆಲವನ್ನು ನಿಯಮವಾಗಿ ಇಟ್ಟುಕೊಳ್ಳೋಣ. ಮೊದಲನೆಯದಾಗಿ, ವಿಚಾರಿಸೋಣ. ಎರಡು ಮೂರು ಸಾಕ್ಷಿಗಳಿಲ್ಲದೆ ಒಬ್ಬನ ಮೇಲೆ ದೋಷವನ್ನು ಸ್ಥಾಪಿಸಬಾರದೆಂಬ ಕಟ್ಟಳೆಯು ಧರ್ಮೋಪದೇಶಕಾಂಡ 19ರಲ್ಲಿರುವದು. ನೂರು ಮಂದಿ ಕಳುಹಿಸಿದ ಒಂದೇ ಸಂದೇಶವು ನೂರು ಸಾಕ್ಷಿಗಳಲ್ಲ. ಕಂಡವನು ಒಬ್ಬನೂ ಇಲ್ಲದಿದ್ದರೆ ಅದು ಒಂದು ಸಾಕ್ಷಿಯೂ ಅಲ್ಲ. ಬೆರೋಯದವರು ಪೌಲನ ಮಾತನ್ನು ಸಹ ವೇದದಲ್ಲಿ ಶೋಧಿಸಿ ನೋಡಿದರಲ್ಲವೇ? ಹಾಗಾದರೆ ಹೆಸರಿಲ್ಲದವನ ಮಾತನ್ನು ಶೋಧಿಸುವದು ಎಷ್ಟೋ ಅಗತ್ಯ.

ಎರಡನೆಯದಾಗಿ, ನೆರೆಯವನ ಪಕ್ಷವಾಗಿ ಮಾತಾಡೋಣ. ಲೂಥರನು 1529ರಲ್ಲಿ ಹಳ್ಳಿಯ ಸಭೆಗಳಿಗಾಗಿ ಬರೆದ ಚಿಕ್ಕ ಪ್ರಶ್ನೋತ್ತರ ಪುಸ್ತಕದಲ್ಲಿ, ಸುಳ್ಳುಸಾಕ್ಷಿಯನ್ನು ಬಿಡುವದು ಮಾತ್ರ ಸಾಲದೆಂದೂ ನೆರೆಯವನ ನಡತೆಗೆ ಆಗುವಷ್ಟರ ಮಟ್ಟಿಗೆ ಒಳ್ಳೇ ಅರ್ಥವನ್ನು ಕೊಡಬೇಕೆಂದೂ ಕಲಿಸಿದನು.

ಮೂರನೆಯದಾಗಿ, ತಪ್ಪನ್ನು ಕಳುಹಿಸಿದ್ದರೆ ಅದನ್ನು ಮುಟ್ಟಿದವರೆಲ್ಲರಿಗೂ, ಅದು ಸುಳ್ಳು, ನಾವು ತಪ್ಪಿದೆವು, ಎಂದು ತಿಳಿಸೋಣ. ಜಕ್ಕಾಯನು ಅನ್ಯಾಯವಾಗಿ ತೆಗೆದುಕೊಂಡದ್ದನ್ನು ನಾಲ್ಕರಷ್ಟು ತಿರಿಗಿ ಕೊಡಲು ಸಿದ್ಧನಾದನು. ನಾವು ಮಾನವನ್ನು ಕಿತ್ತುಕೊಂಡಲ್ಲಿ ಮಾನವನ್ನು ತಿರಿಗಿ ಕೊಡೋಣ.

ನಾಲ್ಕನೆಯದಾಗಿ, ನಿಜವಾದ ಭಯವಿದ್ದರೆ 112ಕ್ಕೆ ಕರೆದು ಪೊಲೀಸರಿಗೆ ಹೇಳೋಣ. ಗುಂಪು ಕೂಡಿದರೆ, ಹೊಡೆಯುವವರ ಜೊತೆಯಲ್ಲಲ್ಲ, ಮುರ್ಕಿಯ ಪೊಲೀಸರಂತೆ ಹೊಡೆತ ತಿನ್ನುವವನ ಬಳಿಯಲ್ಲಿ ನಿಲ್ಲೋಣ.

ಆ ಮರಣಗಳ ತರುವಾಯ, 2018ರ ಜುಲೈ ತಿಂಗಳಲ್ಲೇ, ವಾಟ್ಸಾಪ್ ಕಂಪನಿಯವರು ಹಿಂದೂದೇಶದಲ್ಲಿ ಒಂದು ಸಂದೇಶವನ್ನು ಒಂದೇ ಸಾರಿಗೆ ಐದು ಕಡೆಗಿಂತ ಹೆಚ್ಚಾಗಿ ಸಾಗಿಸದಂತೆ ಮಿತಿಯನ್ನು ಗೊತ್ತುಮಾಡಿದರು. ಅದು ಒಳ್ಳೇದೇ. ಆದರೆ ಐದಕ್ಕೆ ಯಂತ್ರವು ಅಪ್ಪಣೆ ಕೊಟ್ಟರೂ, ಸುಳ್ಳನ್ನು ಒಬ್ಬನಿಗೆ ಸಾಗಿಸುವದಕ್ಕೂ ದೇವರು ಅಪ್ಪಣೆ ಕೊಡಲಿಲ್ಲ. ಸುಳ್ಳುಸಾಕ್ಷಿಗಳ ಮಾತಿನಿಂದ ದೋಷಿಯೆಂದು ಎಣಿಸಲ್ಪಟ್ಟು, ಗುಂಪಿನ ಕೂಗಿಗೆ ಒಪ್ಪಿಸಲ್ಪಟ್ಟಾತನೇ ನಮ್ಮ ಕರ್ತನು. ಆತನ ಹೆಸರನ್ನು ಹೊತ್ತವರ ಕೈಯಿಂದ ಇನ್ನೊಬ್ಬ ನಿರಪರಾಧಿಯು ಒಪ್ಪಿಸಲ್ಪಡಬಾರದು.

ಸತ್ಯಸ್ವರೂಪನಾದ ತಂದೆಯೇ, ನಾವು ವಿಚಾರಿಸದೆ ಆಡಿದ್ದನ್ನೂ ಕಳುಹಿಸಿದ್ದನ್ನೂ ನಿನ್ನ ಮಗನ ನಿಮಿತ್ತ ಕ್ಷಮಿಸು. ನಮ್ಮ ನಾಲಿಗೆಗೂ ಬೆರಳಿಗೂ ಕಾವಲಿರು. ನಮ್ಮ ಬಾಗಿಲಿನಿಂದ ಬಾಯಾರಿ ಹಿಂತಿರುಗಿದವನಿಗೆ ಬೇರೊಂದು ಬಾಗಿಲನ್ನು ತೆರೆ. ಅವನು ಇನ್ನೊಮ್ಮೆ ಬಂದರೆ ನಮ್ಮ ಬಾಗಿಲು ತೆರೆದಿರಲಿ. ಆಮೆನ್.