ಮುಳುಗುವ ಹಡಗಿನ ರೊಟ್ಟಿ



ಅಪೊಸ್ತಲರ ಕೃತ್ಯಗಳ 27ನೇ ಅಧ್ಯಾಯ ಓದುವಾಗಲೆಲ್ಲ ನನಗೆ ಒಬ್ಬ ಬೇಕರಿಯವನ ನೆನಪಾಗುತ್ತದೆ. ಅಪೊಸ್ತಲ ಪೌಲನನ್ನು ಕೈದಿಯಾಗಿ ಒಯ್ಯುತ್ತಿದ್ದ ಹಡಗು ಹದಿನಾಲ್ಕು ದಿನಗಳಿಂದ ಬಿರುಗಾಳಿಯ ಬಾಯಲ್ಲಿದೆ. ಒಳಗೆ 276 ಜನ. ಭಯಕ್ಕೆ ಯಾರಿಗೂ ಊಟ ಸೇರಿಲ್ಲ. ಹಡಗು ಉಳಿಯದು ಎಂದು ಪೌಲನಿಗೆ ಗೊತ್ತು. ಆದರೂ ಆ ಕೈದಿ ಎದ್ದು ನಿಂತು, ರೊಟ್ಟಿ ತೆಗೆದುಕೊಂಡು, ದೇವರಿಗೆ ಸ್ತೋತ್ರ ಮಾಡಿ ಮುರಿಯುತ್ತಾನೆ, ಉಂಡು ಬಲವಾಗಿರಿ ಎನ್ನುತ್ತಾನೆ. ಆಮೇಲೆ ಉಳಿದ ಗೋಧಿಯನ್ನು ಸಮುದ್ರಕ್ಕೆ ಸುರಿಯುತ್ತಾರೆ.

ನಾನು ಹೇಳಹೊರಟ ಬೇಕರಿಯವನ ಹೆಸರು ಚಾರ್ಲ್ಸ್ ಜಾಕಿನ್. ಇಂಗ್ಲೆಂಡಿನ ಬರ್ಕನ್‌ಹೆಡ್‌ನಲ್ಲಿ 1878ರಲ್ಲಿ ಹುಟ್ಟಿದವನು, ಹನ್ನೊಂದನೆಯ ವಯಸ್ಸಿಗೇ ಹಡಗು ಹತ್ತಿದವನು. 1912ರ ಏಪ್ರಿಲ್‌ನಲ್ಲಿ ಟೈಟಾನಿಕ್ ಹಡಗಿನ ಮುಖ್ಯ ಬೇಕರ್. ಹಿಟ್ಟು ನಾದುವವನು ಯಾವ ಹಡಗಿನಲ್ಲೂ ಪ್ರಯಾಣಿಕರ ಕಣ್ಣಿಗೆ ಬೀಳುವುದಿಲ್ಲ; ಬೆಳಗಿನ ಮೇಜಿನ ಮೇಲೆ ಬಿಸಿ ಬ್ರೆಡ್ ಇದ್ದರೆ ಅಷ್ಟು ಸಾಕು.

ಹಿಮಗಡ್ಡೆ ತಾಗಿದ ಆ ರಾತ್ರಿ ದೋಣಿಗಳಿಗೆ ಆಹಾರ ತುಂಬಿಸಬೇಕೆಂಬ ಮಾತು ಕೆಳಗೆ ಬಂತು. ಜಾಕಿನ್ ತನ್ನ ಕೈಕೆಳಗಿನ ಹದಿಮೂರು ಮಂದಿಗೆ ತಲಾ ನಾಲ್ಕು ಬ್ರೆಡ್ ಕೊಟ್ಟು ಮೇಲಕ್ಕೆ ಕಳಿಸಿದ. ಹತ್ತನೆಯ ದೋಣಿ ಅವನ ಹೊಣೆಯಲ್ಲಿತ್ತು. ಹತ್ತಲು ಹೆದರಿದ ಹೆಂಗಸರನ್ನೂ ಮಕ್ಕಳನ್ನೂ ಎತ್ತಿ ಕೂರಿಸಿದ. ದೋಣಿ ನಡೆಸಲು ಬೇರೆ ಜನರಿದ್ದರು, ತಾನು ಹತ್ತಲಿಲ್ಲ. ಹತ್ತಿದ್ದರೆ ಕೆಟ್ಟ ಮಾದರಿಯಾಗುತ್ತಿತ್ತು ಎಂಬರ್ಥದಲ್ಲಿ ಮುಂದೆ ದುರಂತದ ವಿಚಾರಣೆಯಲ್ಲಿ ಹೇಳಿದ. ಬಳಿಕ ನೀರಿಗೆ ಬಿದ್ದವರಿಗೆ ಹಿಡಿಯಲು ಏನಾದರೂ ಸಿಗಲೆಂದು ಸುಮಾರು ಐವತ್ತು ಕುರ್ಚಿಗಳನ್ನು ಒಂದೊಂದಾಗಿ ಸಮುದ್ರಕ್ಕೆ ಎಸೆದ. ಪೌಲನ ಹಡಗಿನವರು ಎಸೆದದ್ದು ಗೋಧಿ, ಇವನು ಎಸೆದದ್ದು ಕುರ್ಚಿ.

ನಡುವೆ ತನ್ನ ಕೋಣೆಗೆ ಹೋಗಿ ಸ್ವಲ್ಪ ಮದ್ಯ ಕುಡಿದದ್ದನ್ನೂ ಅವನೇ ಒಪ್ಪಿಕೊಂಡಿದ್ದಾನೆ. ಅದನ್ನು ನಿಮ್ಮಿಂದ ಮುಚ್ಚಿಡಲಾರೆ. ಸಿನಿಮಾದವರು ಇದೊಂದನ್ನೇ ಹಿಡಿದುಕೊಂಡು ಅವನನ್ನು ನಗೆಯ ಕುಡುಕನನ್ನಾಗಿ ಮಾಡಿದರು. ಮದ್ಯವೇ ಅವನನ್ನು ಬದುಕಿಸಿತು ಎಂಬ ಕಥೆಯೂ ಇದೆ; ಆದರೆ ಮದ್ಯ ದೇಹದ ಶಾಖವನ್ನು ಬೇಗ ಕಳೆಯುತ್ತದೆ ಎನ್ನುತ್ತದೆ ವೈದ್ಯಶಾಸ್ತ್ರ. ಆ ಮಂಜುನೀರಿನಲ್ಲಿ ಎರಡು ತಾಸು ಇದ್ದೆ ಎಂಬ ಅವನ ಲೆಕ್ಕವನ್ನೂ ನಾನು ಪೂರ್ತಿ ನಂಬೆನು. ಅಂಥ ರಾತ್ರಿ ಗಡಿಯಾರ ನೋಡುವವರು ಯಾರು? ಬ್ರೆಡ್ಡಿನ ಮಾತನ್ನು ಮಾತ್ರ ನಂಬುತ್ತೇನೆ. ಅದು ಅವನ ದಿನನಿತ್ಯದ ಕೆಲಸ. ಬುದ್ಧಿ ಕಲಕಿದಾಗಲೂ ಕೈಗೆ ಅಭ್ಯಾಸ ತಪ್ಪುವುದಿಲ್ಲ. ನಮ್ಮಲ್ಲಿ ಬೆಳಗಿನ ಜಾವ ಎದ್ದು ಒಲೆ ಹಚ್ಚುವ ತಾಯಂದಿರಿಗೆ ಇದನ್ನು ನಾನು ವಿವರಿಸಬೇಕಾಗಿಲ್ಲ.

ಹಡಗು ಮುಳುಗಿದ ಮೇಲೆ ಅವನು ಈಜಿ ಹೋದದ್ದು ಬೋರಲಾಗಿದ್ದ ಒಂದು ದೋಣಿಯ ಬಳಿಗೆ. ಮೇಲೆ ಜನ ಕಿಕ್ಕಿರಿದಿದ್ದರು, ಅವನಿಗೆ ಜಾಗವಿರಲಿಲ್ಲ. ಆಗ ಹಡಗಿನ ಅಡುಗೆಯವರಲ್ಲೊಬ್ಬನಾದ ಐಸಾಕ್ ಮೇನಾರ್ಡ್ ಅವನ ಗುರುತು ಹಿಡಿದು ಕೈ ಚಾಚಿದ. ಮೇಲೆಳೆದುಕೊಳ್ಳಲು ಆಗದಿದ್ದರೂ ಹಿಡಿದ ಕೈ ಬಿಡಲಿಲ್ಲ. ಒಂದೇ ಅಡುಗೆಮನೆಯ ಋಣವೆನ್ನಿ.

ಬೆಳಗಾದ ಮೇಲೆ ಬೇರೊಂದು ದೋಣಿ ಅವನನ್ನು ಹತ್ತಿಸಿಕೊಂಡಿತು. ರಕ್ಷಣೆಗೆ ಬಂದ ಕಾರ್ಪೇಥಿಯಾ ಹಡಗಿನ ಏಣಿ ಮುಂದೆ ಬಂದಾಗ ಊದಿದ ಪಾದಗಳನ್ನು ಊರಲಾಗದೆ ಮೊಣಕಾಲಿನ ಮೇಲೆ ಹತ್ತಿದ. ಆ ಮೊಣಕಾಲುಗಳು ನೆಟ್ಟಗಾದ ಮೇಲೆ ಮತ್ತೆ ಸಮುದ್ರಕ್ಕೇ ಹೋದ. ಎರಡನೆಯ ಮಹಾಯುದ್ಧದಲ್ಲಿ ಸೈನಿಕರನ್ನು ಸಾಗಿಸುವ ಹಡಗುಗಳಲ್ಲೂ ದುಡಿದು, 1944ರಲ್ಲಿ, ಅರವತ್ತು ದಾಟಿದ ವಯಸ್ಸಿನಲ್ಲಿ, ನಿವೃತ್ತನಾದ.